ಒಂದೇ ಕೋಣೆಯ ಮನೆಯಲ್ಲಿ ಒಂದೇ ತೆರೆ

ಪಟ್ಟಣಗಳಲ್ಲಿ ಸಂಸಾರ ಹೂಡಿರುವ ಮಧ್ಯಮಸ್ಥಿತಿಯ ಗೃಹಸ್ಥರಿಗೆ ಹಣದ ಅಭಾವಕ್ಕಿಂತಲೂ ಸ್ಥಳದ ಅಭಾವವೇ ಹೆಚ್ಚಿನ ಕಷ್ಟವಾಗಿ ಪರಿಣಮಿಸಿರುವುದು ಸರ್ವರಿಗೂ ವಿದಿತವಾದ ಸಂಗತಿ. ಬೆಂಗಳೂರಿನ ಹಳೆಯ ಬಡಾವಣೆಗಳಲ್ಲಿ ಅಲ್ಲಲ್ಲಿ ಉಳಿದಿರುವ ವಠಾರಗಳನ್ನು ನೋಡಿದವರಿಗೆ ಇದನ್ನು ವಿವರಿಸಿ ಹೇಳಬೇಕಾದುದಿಲ್ಲ. ಹತ್ತಡಿ ಅಗಲ ಹನ್ನೆರಡಡಿ ಉದ್ದದ ಒಂದು ನಡುಮನೆ, ಅದರ ಹಿಂದೆ ಒಂದು ಅಡಿಗೆಮನೆ, ಮೂಲೆಯಲ್ಲಿ ಬಚ್ಚಲು. ಇಷ್ಟರಲ್ಲಿಯೇ ದೇವರ ಗೂಡು, ಹಾಸಿಗೆಯ ಸುರುಳಿಗಳು, ಬಂದವರಿಗೆ ಕುರ್ಚಿ, ಮಕ್ಕಳ ಪುಸ್ತಕಗಳು ಎಲ್ಲವೂ ಅಡಕವಾಗಬೇಕು. ಇಂತಹ ಮನೆಯಲ್ಲಿಯೂ ಗೋಡೆಯ ಮೇಲೆ ಒಂದು ಟೆಲಿವಿಷನ್ ಯಂತ್ರವು ಸಾಮಾನ್ಯವಾಗಿ ಇದ್ದೇ ಇರುವುದು. ಹೀಗಿರಲು ಮಕ್ಕಳ ವಿದ್ಯೆಗೆಂದೋ ಹಿರಿಯರ ಉದ್ಯೋಗಕ್ಕೆಂದೋ ಕಂಪ್ಯೂಟರೂ ಬೇಕಾದಾಗ, ಅದರ ತೆರೆಯನ್ನೂ ಮೇಜನ್ನೂ ಎಲ್ಲಿ ಇರಿಸತಕ್ಕದ್ದು? ಗೋಡೆಯ ಮೇಲಿರುವ ಟೆಲಿವಿಷನ್ನೇ ಕಂಪ್ಯೂಟರಿಗೂ ತೆರೆಯಾಗಲಾರದೆ? ಈ ಪ್ರಶ್ನೆಯನ್ನು ನಮ್ಮಲ್ಲಿ ಕೇಳಿದವರು ಒಬ್ಬಿಬ್ಬರಲ್ಲ. ಅಮರಕೋಶವನ್ನೂ ಶಬ್ದರೂಪಗಳನ್ನೂ ಬಾಯಿಪಾಠ ಮಾಡಿಸುತ್ತಿದ್ದ ಮೇಷ್ಟ್ರಿಗೆ ಈ ಯಂತ್ರಗಳ ಗೊಡವೆಯೇಕೆಂದು ವಾಚಕರು ನಕ್ಕಾರು. ಹಲಗೆಯ ಮೇಲಿನ ಅಕ್ಷರ ಕಡೆಯ ಸಾಲಿನ ಹುಡುಗನಿಗೆ ಕಾಣುವುದೋ ಇಲ್ಲವೋ ಎಂಬ ಚಿಂತೆಯಲ್ಲಿಯೇ ನಮ್ಮ ಆಯುಷ್ಯದ ಬಹುಭಾಗ ಕಳೆದಿದೆ. ಪ್ರಕೃತ ವಿಷಯವೂ ಅದೇ ಜಾತಿಯದು.

ಕಂಪ್ಯೂಟರಿನ ತೆರೆಗೆ ಮಾನಿಟರು ಎಂದು ಹೆಸರು. ನಮಗಾದರೋ ಮಾನಿಟರೆಂದರೆ, ಉಪಾಧ್ಯಾಯರು ಇಲ್ಲದಾಗ ಗದ್ದಲ ಮಾಡಿದವರ ಹೆಸರುಗಳನ್ನು ಬರೆದಿಡುವ ಹುಡುಗನೇ ನೆನಪಿಗೆ ಬರುವನು. ಅದಿರಲಿ. ಕೇಳಿದ ಪ್ರಶ್ನೆಗೆ ಉತ್ತರ, ಆಗುತ್ತದೆ ಎಂಬುದೇ. ಇಂದಿನ ಟೆಲಿವಿಷನ್ನಿಗೂ ಮಾನಿಟರಿಗೂ ಒಳಗಿನ ರಚನೆಯಲ್ಲಿ ಬಹಳ ಭೇದವಿಲ್ಲ. ಆದರೆ ಒಂದನ್ನು ಚಿತ್ರ ನೋಡುವುದಕ್ಕಾಗಿ ದೂರದಿಂದ ನೋಡತಕ್ಕದ್ದೆಂದು ಮಾಡಿದ್ದಾರೆ. ಇನ್ನೊಂದನ್ನು ಅಕ್ಷರ ಓದುವುದಕ್ಕಾಗಿ ಹತ್ತಿರದಿಂದ ನೋಡತಕ್ಕದ್ದೆಂದು ಮಾಡಿದ್ದಾರೆ. ದೂರದರ್ಶನವೆಂಬ ಹೆಸರನ್ನಿಟ್ಟವರು ದೂರದಲ್ಲಿರುವುದನ್ನು ತೋರಿಸುವುದು ಎಂಬ ಅರ್ಥದಲ್ಲಿ ಇಟ್ಟಿರಬೇಕು. ದೂರದಿಂದ ನೋಡತಕ್ಕದ್ದು ಎಂಬ ಅರ್ಥವನ್ನೂ ಸೇರಿಸಿಕೊಂಡರೆ ಈ ಲೇಖನದಲ್ಲಿ ನಾವು ಹೇಳಬೇಕಾದುದರಲ್ಲಿ ಅರ್ಧವು ಆ ಹೆಸರಿನಲ್ಲಿಯೇ ಬಂದಂತಾಯಿತು.

ಇದು ಹೊಸ ಉಪಾಯವೆಂದು ಯಾರೂ ತಿಳಿಯಬೇಕಾಗಿಲ್ಲ. ಮನೆಗಳಿಗೆ ಕಂಪ್ಯೂಟರು ಬಂದುದೇ ಟೆಲಿವಿಷನ್ನಿನ ಹೆಗಲೇರಿ. ೧೯೭೩ರಲ್ಲಿ ಅಮೆರಿಕದ ಡಾನ್ ಲ್ಯಾಂಕಾಸ್ಟರ್ ಎಂಬವರು ಮನೆಯ ಟೆಲಿವಿಷನ್ನಿನ ಮೇಲೆ ಅಕ್ಷರಗಳನ್ನು ಮೂಡಿಸುವ ಒಂದು ಯಂತ್ರವನ್ನು ಕಟ್ಟುವ ಬಗೆಯನ್ನು ರೇಡಿಯೋ ಹವ್ಯಾಸಿಗಳ ಪತ್ರಿಕೆಯೊಂದರಲ್ಲಿ ಪ್ರಕಟಿಸಿದರು. ಇಂಗ್ಲೆಂಡಿನಲ್ಲಿ ೧೯೮೨ರಲ್ಲಿ ಬಂದ ಸಿಂಕ್ಲೇರ್ ಸ್ಪೆಕ್ಟ್ರಮ್ ಎಂಬ ಪುಟ್ಟ ಕಂಪ್ಯೂಟರನ್ನು ಟೆಲಿವಿಷನ್ನಿನ ಆಂಟೆನಾ ರಂಧ್ರಕ್ಕೇ ಜೋಡಿಸುತ್ತಿದ್ದರು. ಅದರಲ್ಲಿ ಒಂದು ಸಾಲಿಗೆ ೩೨ ಅಕ್ಷರಗಳು, ಒಟ್ಟು ೨೪ ಸಾಲುಗಳು. ಅಂದಿನ ಟೆಲಿವಿಷನ್ನು ಆಂಟೆನಾದ ದಾರಿಯಿಂದ ಬಂದ ಸಣ್ಣ ಅಕ್ಷರಗಳನ್ನು ಸ್ಪಷ್ಟವಾಗಿ ತೋರಿಸಲಾರದೆ ಇದ್ದುದರಿಂದ ಅಕ್ಷರಗಳನ್ನು ದಪ್ಪಮಾಡಿ ಸಾಲನ್ನು ಕಿರಿದುಮಾಡುವುದು ಆ ಕಾಲದ ಪದ್ಧತಿ. ಈ ಯುಕ್ತಿಯನ್ನು ವಾಚಕರು ಜ್ಞಾಪಕದಲ್ಲಿಟ್ಟುಕೊಂಡಿರಬೇಕು. ಮುಂದೆ ಉಪಯೋಗಕ್ಕೆ ಬರುವುದು.

ನಮ್ಮ ನಾಡಿನಲ್ಲಂತೂ ಟೆಲಿವಿಷನ್ನು ಹಳ್ಳಿಗಳಿಗೆ ಮೊದಲು ಬಂದುದು ಉಪಾಧ್ಯಾಯನಾಗಿಯೇ. ೧೯೭೫ನೆಯ ಆಗಸ್ಟ್ ೧ರಿಂದ ಒಂದು ವರ್ಷಕಾಲ, ಅಮೆರಿಕದ ಉಪಗ್ರಹವೊಂದರ ಸಹಾಯದಿಂದ, ದೇಶದ ೬ ರಾಜ್ಯಗಳ ಸುಮಾರು ೨೪೦೦ ಹಳ್ಳಿಗಳಿಗೆ ಪಾಠಗಳನ್ನೂ ವ್ಯವಸಾಯದ ವಿಷಯಗಳನ್ನೂ ಬಿತ್ತರಿಸಿದ ಪ್ರಯೋಗದಲ್ಲಿ ನಮ್ಮ ಬಿಜಾಪುರ, ಗುಲ್ಬರ್ಗ, ರಾಯಚೂರು ಜಿಲ್ಲೆಗಳೂ ಸೇರಿದ್ದವು. ಬೆಳಗ್ಗೆ ಶಾಲೆಯ ಮಕ್ಕಳಿಗೆ, ಸಂಜೆ ದೊಡ್ಡವರಿಗೆ. ಅನಂತರ ೨೦೨೦ರಲ್ಲಿ ಮಹಾವ್ಯಾಧಿಯ ದೆಸೆಯಿಂದ ಶಾಲೆಗಳು ಮುಚ್ಚಿದಾಗ ಚಂದನ ವಾಹಿನಿಯಲ್ಲಿ ‘ಸೇತುಬಂಧ’ವೆಂಬ ಹೆಸರಿನಿಂದ ಪಾಠಗಳು ಬಂದವು. ಹೆಸರೇನೋ ಸೊಗಸಾದುದು, ಆದರೆ ಆ ಪಾಠಗಳಲ್ಲಿ ಮಕ್ಕಳು ನೋಡಬಹುದಾಗಿತ್ತು, ಬರೆಯುವಂತಿರಲಿಲ್ಲ. ಟೆಲಿವಿಷನ್ನಿಗೆ ಕಂಪ್ಯೂಟರನ್ನು ಜೋಡಿಸಿದಾಗ ಮಾತ್ರ ಅದು ಬರೆಯುವ ಹಲಗೆಯೂ ಆಗುವುದು.

ನಾವು ಕಣ್ಣಾರೆ ಕಂಡ ಒಂದು ಮನೆಯ ಸಂಗತಿಯನ್ನು ಹೇಳುವೆವು. ವಠಾರವೊಂದರಲ್ಲಿ ಮೇಲೆ ಹೇಳಿದಂತಹ ಒಂದು ಮನೆ. ಯಜಮಾನರು ಬಟ್ಟೆಯಂಗಡಿಯಲ್ಲಿ ಗುಮಾಸ್ತರು. ಅವರ ಪತ್ನಿ, ವೃದ್ಧಮಾತೆ, ಬಿ.ಕಾಂ. ಓದುತ್ತಿದ್ದ ಒಬ್ಬ ಮಗಳು. ಮಗಳಿಗೆಂದು ಬಂಧುಗಳಿಂದ ಅಗ್ಗಕ್ಕೆ ಕೊಂಡಿದ್ದ ಲ್ಯಾಪ್‌ಟಾಪು ಒಂದು ದಿನ ಅಟ್ಟದ ಮೇಲಿಂದ ಬಿದ್ದು, ಅದರ ತೆರೆ ಸೀಳಿ ಕಪ್ಪಾಯಿತು. ರಿಪೇರಿಯವನು ಹೊಸ ತೆರೆಗೆ ಕೇಳಿದ ಹಣವು ಕೊಂಡ ಬೆಲೆಯ ಅರ್ಧಕ್ಕಿಂತ ಹೆಚ್ಚು. ಆಕೆ ಓದಿನ ಜೊತೆಗೆ ಒಬ್ಬ ವ್ಯಾಪಾರಿಯ ಲೆಕ್ಕಪತ್ರಗಳನ್ನು ಮನೆಯಲ್ಲಿ ಕುಳಿತು ಬರೆದುಕೊಟ್ಟು ತನ್ನ ಕಾಲೇಜಿನ ಫೀಜನ್ನು ತಾನೇ ಒದಗಿಸಿಕೊಳ್ಳುತ್ತಿದ್ದಳು. ಲೆಕ್ಕ ನಿಂತರೆ ಫೀಜು ನಿಂತಿತು. ಹದಿನೈದು ದಿನ ಆ ಹುಡುಗಿ ಮೊಬೈಲ್ ಫೋನಿನ ಅಂಗೈಯಗಲದ ತೆರೆಯಲ್ಲಿ ಲೆಕ್ಕದ ಕಾಲಮುಗಳನ್ನು ಒಂದೊಂದಾಗಿ ಸರಿಸಿ ಸರಿಸಿ ನೋಡಿ, ಸಂಜೆಯಾದರೆ ತಲೆನೋವೆಂದು ಮಲಗುತ್ತಿದ್ದಳು. “ಮೇಷ್ಟ್ರೇ, ಇವಳ ಕಣ್ಣು ಹೋದೀತು, ಏನಾದರೂ ದಾರಿ ಹೇಳಿ” ಎಂದು ಆಕೆಯ ತಾಯಿ ನಮ್ಮಲ್ಲಿ ಕೇಳಿದುದು ಆಗ.

ಒಡೆದುದು ತೆರೆಯೇ ಹೊರತು ಯಂತ್ರವಲ್ಲ. ಲ್ಯಾಪ್‌ಟಾಪಿನ ಪಕ್ಕದಲ್ಲಿ ಎಚ್.ಡಿ.ಎಂ.ಐ. ಎಂಬ ಚಪ್ಪಟೆಯಾದ ಒಂದು ರಂಧ್ರವಿರುವುದು. ಟೆಲಿವಿಷನ್ನಿನ ಬೆನ್ನಿನಲ್ಲಿಯೂ ಅಂತಹವೇ ಎರಡೋ ಮೂರೋ ಇರುವುವು. ಇವೆರಡನ್ನೂ ಸೇರಿಸುವ ತಂತಿಗೆ ಕೆಲವು ನೂರು ರೂಪಾಯಿಗಳು ಮಾತ್ರ. ೨೦೦೨ರ ಕೊನೆಯಲ್ಲಿ ನಿರ್ಣಯವಾದ ಈ ಏರ್ಪಾಡಿನಲ್ಲಿ ಚಿತ್ರವೂ ಶಬ್ದವೂ ಒಂದೇ ತಂತಿಯಲ್ಲಿ ಹರಿಯುವುದರಿಂದ ಬೇರೆ ಗೋಜಿಲ್ಲ. ತಂತಿಯನ್ನು ಸಿಕ್ಕಿಸಿ, ಟೆಲಿವಿಷನ್ನಿನ ರಿಮೋಟಿನಲ್ಲಿ ಆ ರಂಧ್ರದ ಅಂಕವನ್ನು ಆರಿಸಿದರೆ ಸಾಮಾನ್ಯವಾಗಿ ಚಿತ್ರ ಬರಬೇಕು. ಬಾರದಿದ್ದರೆ, ಲ್ಯಾಪ್‌ಟಾಪಿನ ಸ್ವಂತ ತೆರೆ ಕುರುಡಾಗಿರುವಾಗ ಒತ್ತುವುದು ಏನನ್ನು ಎಂಬ ತೊಡಕು ಬರುವುದು. ವಿಂಡೋಸ್ ಇರುವ ಯಂತ್ರಗಳಲ್ಲಿ ಕಿಟಕಿಯ ಚಿಹ್ನೆಯುಳ್ಳ ಕೀಲಿಯನ್ನು ಅದುಮಿ ಹಿಡಿದು ಪಿ ಎಂಬ ಅಕ್ಷರವನ್ನು ಒತ್ತಿದರೆ, ಚಿತ್ರವನ್ನು ಯಾವ ತೆರೆಗೆ ಕಳುಹಿಸಬೇಕೆಂಬ ಆಯ್ಕೆಗಳು ತೆರೆಯುವುವು. ಒಂದೆರಡು ಸಲ ಪ್ರಯತ್ನಿಸಿದಲ್ಲಿ ಚಿತ್ರವು ಗೋಡೆಯ ಮೇಲೆ ಮೂಡುವುದು. ಆ ಮನೆಯಲ್ಲಿ ಹಾಗೆಯೇ ಮೂಡಿತು.

ಮೂಡಿದುದೇನೋ ಸರಿ, ಓದುವಂತಿರಲಿಲ್ಲ. ಹುಡುಗಿ ಆತುರದಿಂದ ಟೆಲಿವಿಷನ್ನಿನ ಕೆಳಗೆ ಎರಡಡಿ ದೂರದಲ್ಲಿ ಕುಳಿತು ಕತ್ತೆತ್ತಿ ನೋಡಿದಳು. ಅಂಕಿಗಳ ಅಂಚುಗಳು ಬಿರಿದಿದ್ದವು. ಕೆಂಪು ಅಕ್ಷರಗಳು ಕದಡಿದ್ದವು. ಎಡತುದಿಯ ಒಂದು ಕಾಲಮ್ ತೆರೆಯಿಂದಾಚೆಗೆ ಮಾಯವಾಗಿತ್ತು. ಟೆಲಿವಿಷನ್ನನ್ನು ಮಾನಿಟರಾಗಿ ಬಳಸುವ ಪ್ರಯತ್ನವನ್ನು ಹಲವರು ಕೈಬಿಡುವುದು ಈ ಘಟ್ಟದಲ್ಲಿಯೇ. ಆದಕಾರಣ ಕಾರಣಗಳನ್ನು ಸ್ವಲ್ಪ ವಿಸ್ತಾರವಾಗಿ ಹೇಳುವುದು ಉಚಿತ.

ತೆರೆಯ ಮೇಲಿನ ಚಿತ್ರವೆಲ್ಲವೂ ಬಿಂದುಗಳಿಂದ ಆದುದು, ರಂಗವಲ್ಲಿಯ ಚುಕ್ಕಿಗಳಂತೆ. ಆ ಮನೆಯ ಟೆಲಿವಿಷನ್ ೩೨ ಅಂಗುಲದ್ದು. ಕರ್ಣರೇಖೆಯಲ್ಲಿ ಅಳೆದರೆ ಅಷ್ಟು, ಅಗಲ ಸುಮಾರು ೭೧ ಸೆಂಟಿಮೀಟರು. ಅದರಲ್ಲಿ ಅಡ್ಡಕ್ಕೆ ೧೩೬೬, ಉದ್ದಕ್ಕೆ ೭೬೮ ಬಿಂದುಗಳು. ಆಗ ಒಂದೊಂದು ಬಿಂದುವೂ ಅರ್ಧ ಮಿಲಿಮೀಟರಿಗಿಂತ ತುಸು ದೊಡ್ಡದಾಯಿತು. ಆರೋಗ್ಯವಾದ ಕಣ್ಣು ಬೇರೆ ಬೇರೆಯಾಗಿ ಗುರುತಿಸಬಲ್ಲ ಅತ್ಯಲ್ಪ ಕೋನವು ಸುಮಾರು ಒಂದು ಕಲೆ, ಎಂದರೆ ಒಂದು ಅಂಶದ ೬೦ರಲ್ಲಿ ಒಂದು ಪಾಲು. ಬಿಂದುವಿನ ಅಳತೆಯನ್ನು ೩೪೩೮ರಿಂದ ಗುಣಿಸಿದರೆ, ಎಷ್ಟು ದೂರ ಹೋದಾಗ ಬಿಂದುಗಳು ಕೂಡಿಕೊಂಡು ಗೆರೆಯಾಗಿ ಕಾಣುವುವೆಂಬುದು ದೊರೆಯುವುದು. (ಆರ್ಯಭಟನ ಜ್ಯಾಪಟ್ಟಿಯಲ್ಲಿ ತ್ರಿಜ್ಯೆಯಾಗಿರುವುದೂ ಇದೇ ೩೪೩೮ ಕಲೆಗಳೆಂಬುದನ್ನು ಸಂಸ್ಕೃತ ಬಲ್ಲವರು ನೆನೆದು ಸಂತೋಷಪಡಬಹುದು.) ಈ ಲೆಕ್ಕದಂತೆ ಆ ಟೆಲಿವಿಷನ್ನಿಗೆ ತಕ್ಕ ದೂರ ಸುಮಾರು ೬ ಅಡಿ. ಹುಡುಗಿ ಕುಳಿತಿದ್ದುದು ಎರಡಡಿಯಲ್ಲಿ! ಅದೇ ೩೨ ಅಂಗುಲದಲ್ಲಿ ೧೯೨೦ಕ್ಕೆ ೧೦೮೦ ಬಿಂದುಗಳಿದ್ದರೆ ೪ ಅಡಿಗೆ ಸ್ವಲ್ಪ ಮೇಲೆ ಸಾಕಾಗುವುದು. ಅಷ್ಟೇ ಬಿಂದುಗಳುಳ್ಳ ೨೪ ಅಂಗುಲದ ಮಾನಿಟರಿಗೆ ೩ ಅಡಿ.

ಇಂಗ್ಲಿಷಿನ ಅಕ್ಷರಗಳನ್ನು ಅಡ್ಡಕ್ಕೆ ೫, ಉದ್ದಕ್ಕೆ ೭ ಬಿಂದುಗಳ ಚೌಕದಲ್ಲಿಯೂ ಹೇಗೋ ಮೂಡಿಸಬಹುದು; ಮೊದಲ ಕಂಪ್ಯೂಟರುಗಳಲ್ಲಿ ಹಾಗೆಯೇ ಮಾಡುತ್ತಿದ್ದರು. ನಮ್ಮ ಕನ್ನಡಕ್ಕೆ ಅದು ಸಾಲದು. ‘ಸ್ವಾತಂತ್ರ್ಯ’ ಎಂದು ಬರೆಯಬೇಕಾದರೆ ಸಾಲಿನ ಕೆಳಗೆ ಒತ್ತುಗಳಿಗೆ ಇನ್ನೊಂದು ಅಂತಸ್ತೇ ಬೇಕು. ಬಿಂದುಗಳು ಒರಟಾದಲ್ಲಿ ವಟ್ರಸುಳಿಗೂ ರಕಾರದ ಒತ್ತಿಗೂ ಭೇದ ತಿಳಿಯದೆ ಕೃಪೆಯು ಕ್ರಪೆಯಾಗುವುದು. ಮಹಾಪ್ರಾಣದ ಕೆಳಗಿನ ಸಣ್ಣ ಸೀಳು ಅಳಿಸಿಹೋದರೆ ಲೆಕ್ಕದ ಪುಸ್ತಕದಲ್ಲಿರುವ ‘ಧನ’ವೆಲ್ಲವೂ ‘ದನ’ವಾಗುವುದು. ಮಕ್ಕಳಿಗೆ ಈ ಭೇದವನ್ನು ಹೇಳಿಕೊಡಲು ನಾವು ಪಟ್ಟ ಶ್ರಮವನ್ನು ಒಂದು ಕೆಟ್ಟ ತೆರೆಯು ಅರೆಗಳಿಗೆಯಲ್ಲಿ ವ್ಯರ್ಥಗೊಳಿಸಬಲ್ಲದು.

ಪರಿಹಾರವು ಹಳೆಯ ಸ್ಪೆಕ್ಟ್ರಮ್ಮಿನದೇ: ಹತ್ತಿರ ಹೋಗಬಾರದು, ದೂರ ಸರಿದು ಅಕ್ಷರವನ್ನು ದಪ್ಪಮಾಡತಕ್ಕದ್ದು. ಟೆಲಿವಿಷನ್ನನ್ನು ಮೇಜಿನ ಬಳಿಗೆ ತರುವುದಲ್ಲ, ಮೇಜನ್ನೇ ಎದುರುಗೋಡೆಗೆ ಸರಿಸುವುದು. ಚಿಕ್ಕ ಕೋಣೆಯಲ್ಲಿ ಆರಡಿಯ ದೂರ ಎಲ್ಲಿ ಬರಬೇಕೆಂದರೆ, ಹತ್ತಡಿ ಅಗಲದ ನಡುಮನೆಯಲ್ಲಿ ಎದುರುಗೋಡೆಗೆ ಒರಗಿ ಕುಳಿತವನಿಗೆ ಏಳು ಎಂಟು ಅಡಿಗಳು ತಾವಾಗಿಯೇ ದೊರೆಯುವುವು. ನಮ್ಮ ಪಂಡಿತರ ಮನೆಗಳಲ್ಲಿ ನೆಲದ ಮೇಲೆ ಕುಳಿತು ವ್ಯಾಸಪೀಠದ ಮೇಲೆ ಗ್ರಂಥವನ್ನಿಟ್ಟು ಓದುತ್ತಿದ್ದರು. ಆ ಮನೆಯಲ್ಲಿಯೂ ಹಳೆಯ ಗುಮಾಸ್ತೆ ಡೆಸ್ಕೊಂದು ಅಟ್ಟದಲ್ಲಿತ್ತು. ಅದನ್ನು ಇಳಿಸಿ ಲ್ಯಾಪ್‌ಟಾಪನ್ನು ಅದರ ಮೇಲಿರಿಸಿ, ತಂತಿಯನ್ನು ಗೋಡೆಯಂಚಿನಲ್ಲಿಯೇ ಹಾಯಿಸಿ ಕಾಲಿಗೆ ತೊಡರದಂತೆ ಮೊಳೆ ಹೊಡೆದರು. ಇದಕ್ಕೆ ಉದ್ದವಾದ ತಂತಿಯೇ ಬೇಕಾಯಿತು. ಟೆಲಿವಿಷನ್ನನ್ನು ಗೋಡೆಯಲ್ಲಿ ಒಂದು ಮೊಳ ಕೆಳಕ್ಕಿಳಿಸಬೇಕಾಯಿತು, ಏಕೆಂದರೆ ಕತ್ತೆತ್ತಿ ಒಂದು ಗಂಟೆ ಧಾರಾವಾಹಿಯನ್ನು ನೋಡಬಹುದೇ ವಿನಾ ನಾಲ್ಕು ಗಂಟೆ ಲೆಕ್ಕ ಬರೆಯಲಾಗದು. ಕುಳಿತವರ ಕಣ್ಣಿನ ಮಟ್ಟಕ್ಕೆ ತೆರೆಯ ಮೇಲಂಚು ಬಂದರೆ ಲೇಸು.

ಅಕ್ಷರದ ಗಾತ್ರಕ್ಕೂ ತ್ರೈರಾಶಿಯೇ ಸಾಕು. ಅಂಗೈಯ ಫೋನಿನಲ್ಲಿ ಒಂದಡಿ ದೂರದ ೨ ಮಿಲಿಮೀಟರಿನ ಅಕ್ಷರ ಎಷ್ಟು ದೊಡ್ಡದಾಗಿ ಕಾಣುವುದೋ, ಆರಡಿ ದೂರದಲ್ಲಿ ೧೨ ಮಿಲಿಮೀಟರಿನ ಅಕ್ಷರವೂ ಅಷ್ಟೇ ದೊಡ್ಡದಾಗಿ ಕಾಣುವುದು. ಹಾಗಾದರೆ ಲಾಭವೇನು? ಒಂದಡಿಯಲ್ಲಿ ನೋಡುವಾಗ ಕಣ್ಣಿನ ಮಸೂರವು ಹತ್ತಿರದ ವಸ್ತುವಿಗಾಗಿ ಬಿಗಿದುಕೊಂಡೇ ಇರಬೇಕು. ಆರಡಿಯಲ್ಲಿ ಆ ಶ್ರಮವು ಆರರಲ್ಲಿ ಒಂದು ಪಾಲು. ಆ ಟೆಲಿವಿಷನ್ನಿನಲ್ಲಿ ೧೨ ಮಿಲಿಮೀಟರೆಂದರೆ ೨೩ ಬಿಂದುಗಳ ಎತ್ತರ. ಒತ್ತಕ್ಷರಗಳಿಗೂ ಅದು ಯಥೇಷ್ಟ. ಅಕ್ಷರವನ್ನು ಹಿಗ್ಗಿಸುವ ಆಯ್ಕೆ ಕಂಪ್ಯೂಟರಿನ ಸೆಟ್ಟಿಂಗ್ಸ್‌ನಲ್ಲಿ ಡಿಸ್‌ಪ್ಲೇ ಎಂಬಲ್ಲಿದೆ. ೧೨೫, ೧೫೦ ಎಂದು ನೂರರ ಲೆಕ್ಕದಲ್ಲಿ ಕೊಟ್ಟಿರುವರು. ಬಿಂದುಗಳ ಸಂಖ್ಯೆಯನ್ನು ಮಾತ್ರ ಟೆಲಿವಿಷನ್ನಿನಲ್ಲಿ ನಿಜವಾಗಿ ಎಷ್ಟಿವೆಯೋ ಅಷ್ಟೇ ಇರುವಂತೆ ನೋಡಿಕೊಳ್ಳಬೇಕು. ೧೩೬೬ ಇರುವ ಯಂತ್ರಗಳಲ್ಲಿ ಹಲವು ೧೯೨೦ ಕಳುಹಿಸಿದರೂ ಬೇಡವೆನ್ನದೆ ಒಪ್ಪಿ, ಆಮೇಲೆ ಒಳಗೊಳಗೇ ಕುಗ್ಗಿಸಿ ಅಕ್ಷರಗಳನ್ನು ಮಸಕುಮಾಡುವುವು.

ಇನ್ನು ಮಾಯವಾದ ಕಾಲಮಿನ ವಿಚಾರ. ಹಿಂದೆ ಗಾಜಿನ ಬುರುಡೆಯ ಟೆಲಿವಿಷನ್ನುಗಳಲ್ಲಿ ಚಿತ್ರದ ಅಂಚುಗಳು ಸೊಟ್ಟಗಿರುತ್ತಿದ್ದುದರಿಂದ ಅವನ್ನು ಚೌಕಟ್ಟಿನ ಹಿಂದೆ ಮರೆಮಾಡಲು ಚಿತ್ರವನ್ನು ತುಸು ದೊಡ್ಡದುಮಾಡುವ ಪದ್ಧತಿಯಿತ್ತು. ಬುರುಡೆ ಹೋದರೂ ಪದ್ಧತಿ ಹೋಗಲಿಲ್ಲ. ಟೆಲಿವಿಷನ್ನಿನ ಚಿತ್ರದ ಅಳತೆಯ ಪಟ್ಟಿಯಲ್ಲಿ ‘ಜಸ್ಟ್ ಸ್ಕ್ಯಾನ್’ ಎಂದೋ ‘ಸ್ಕ್ರೀನ್ ಫಿಟ್’ ಎಂದೋ ಇರುವುದನ್ನು ಆರಿಸಿದರೆ ಅಂಚುಗಳು ಮರಳಿ ಬರುವುವು. ಅಕ್ಷರಗಳ ಸುತ್ತ ಬಿಳಿಯ ಪ್ರಭಾವಳಿ ಕಂಡರೆ ‘ಶಾರ್ಪ್‌ನೆಸ್’ ಎಂಬುದನ್ನು ಅದು ಅಳಿಯುವ ತನಕ ಇಳಿಸಬೇಕು; ಹೆಸರಿಗೆ ತೀಕ್ಷ್ಣತೆಯಾದರೂ ಅದು ಮಾಡುವ ಕೆಲಸ ಕಾಡಿಗೆ ತೀಡಿದಂತೆ. ಕೆಂಪಕ್ಷರಗಳು ಕದಡುವುದಕ್ಕೆ ಕಾರಣ ಬೇರೆ. ನಮ್ಮ ಕಣ್ಣು ಬೆಳಕಿನ ಸೂಕ್ಷ್ಮವನ್ನು ಗ್ರಹಿಸಿದಷ್ಟು ಬಣ್ಣದ ಸೂಕ್ಷ್ಮವನ್ನು ಗ್ರಹಿಸದೆಂದು ಟೆಲಿವಿಷನ್ನಿನವರು ಬಣ್ಣದ ವಿವರಗಳನ್ನು ಅರ್ಧಕ್ಕಿಳಿಸಿ ಮಿತವ್ಯಯ ಮಾಡುವರು. ಚಿತ್ರಗಳಲ್ಲಿ ಅದು ತಿಳಿಯದು, ಬಣ್ಣದ ಅಕ್ಷರಗಳಲ್ಲಿ ಬಯಲಾಗುವುದು. ಆ ರಂಧ್ರದ ಹೆಸರನ್ನು ‘ಪಿ.ಸಿ.’ ಎಂದು ಬದಲಿಸಿದರೆ ಹಲವು ಯಂತ್ರಗಳು ಈ ಜಿಪುಣತನವನ್ನು ಬಿಟ್ಟುಕೊಡುವುವು. ಮೌಸಿನ ಬಾಣವು ಕೈಯ ಹಿಂದೆ ತಡವಾಗಿ ಬರುವಂತೆ ತೋರಿದರೆ ‘ಗೇಮ್’ ಎಂಬ ಆಯ್ಕೆ ಸಹಾಯಕ್ಕೆ ಬರುವುದು. ಆಟವಾಡುವುದಕ್ಕಲ್ಲವೆಂದು ಹಿರಿಯರಿಗೆ ಮೊದಲೇ ಹೇಳಿಡುವುದು ಕ್ಷೇಮ.

ಹೊಸದಾಗಿ ಕೊಳ್ಳುವವರಿಗೆ ಒಂದೇ ಮಾತು: ಅಂಗುಲಗಳನ್ನಲ್ಲ, ಬಿಂದುಗಳನ್ನು ಕೇಳಿರಿ. ೪೩ ಅಂಗುಲದಲ್ಲಿ ೩೮೪೦ಕ್ಕೆ ೨೧೬೦ ಬಿಂದುಗಳಿದ್ದರೆ ೩ ಅಡಿಯಲ್ಲಿಯೂ ಅಕ್ಷರ ಸ್ಪಷ್ಟ. ಅದೇ ೪೩ ಅಂಗುಲದಲ್ಲಿ ೧೯೨೦ ಮಾತ್ರವಿದ್ದರೆ ೫ ಅಡಿಯ ಮೇಲೆ ಬೇಕು. ಲ್ಯಾಪ್‌ಟಾಪೇ ಇಲ್ಲದವರಿಗೆ, ಕೀಲಿಮಣೆಯೊಳಗೇ ಕಂಪ್ಯೂಟರನ್ನು ಅಡಗಿಸಿಟ್ಟ ರಾಸ್ಪ್‌ಬೆರಿ ಪೈ ೪೦೦ ಎಂಬುದು ೨೦೨೦ರಲ್ಲಿ ಬಂದಿತು, ಸ್ಪೆಕ್ಟ್ರಮ್ಮಿನ ಮೊಮ್ಮಗನೆನ್ನಬಹುದು.

ಯಂತ್ರದ ತೊಡಕುಗಳು ಹೀಗೆ ಒಂದು ಸಂಜೆಯಲ್ಲಿ ಪರಿಹಾರವಾದುವು. ಮನೆಯ ತೊಡಕುಗಳಿಗೆ ತಿಂಗಳುಗಳು ಬೇಕಾದುವು. ಒಂದೇ ತೆರೆ, ನಾಲ್ವರು ಜನ. ಯಜಮಾನರಿಗೆ ರಾತ್ರಿ ವಾರ್ತೆ, ಅಜ್ಜಿಗೆ ಸಂಜೆಯ ಧಾರಾವಾಹಿಗಳು, ಮಗಳಿಗೆ ಲೆಕ್ಕ. ಹುಡುಗಿ ಬೆಳಗಿನ ಜಾವ ನಾಲ್ಕೂವರೆಗೆದ್ದು ಬರೆಯತೊಡಗಿದಳು; ಆದರೆ ಆ ಬೆಳಕು ಅಲ್ಲೇ ಮಲಗಿದ್ದವರ ಕಣ್ಣಿಗೆ ಹೊಡೆಯುತ್ತಿತ್ತು. ತೆರೆಯ ಬೆಳಕನ್ನು ತಗ್ಗಿಸಿ, ಬಿಳಿಯ ಹಿನ್ನೆಲೆಯನ್ನು ಕಪ್ಪುಮಾಡಿಕೊಂಡಳು. ತಿಂಗಳ ಕೊನೆಯ ವಾರದಲ್ಲಿ ವ್ಯಾಪಾರಿಯ ಲೆಕ್ಕವು ಸಂಜೆಗೂ ಉಳಿಯುತ್ತಿತ್ತು. ತಂದೆ, “ಅಮ್ಮನ ಹೊತ್ತಿಗೆ ಅಡ್ಡಿಮಾಡಬೇಡ” ಎಂದು ಗದರಿಸಿದಾಗ ಆ ವೃದ್ಧೆಯೇ, “ಇರಲಿ ಬಿಡೋ, ಮಗುವಿನ ಲೆಕ್ಕ ಮುಗಿಯಲಿ. ಆ ಸೊಸೆ ಅಳುವುದು ನಾಳೆಯೂ ಇದ್ದೇ ಇದೆ” ಎಂದರು. ಇಷ್ಟಾದರೂ ತಿಂಗಳಿಗೆ ಒಂದು ವಾರ ತಮ್ಮ ಹೊತ್ತನ್ನು ಬಿಟ್ಟುಕೊಡುವುದು ಆ ಹಿರಿಯರಿಗೆ ಸುಲಭವಾಗಿತ್ತೆಂದು ನಾವು ನಂಬುವುದಿಲ್ಲ. ಸಂಜೆ ಏಳಕ್ಕೆ ಅವರು ಎದ್ದುಹೋಗಿ ಪಕ್ಕದ ಮನೆಯ ಹೊಸ್ತಿಲಲ್ಲಿ ಕುಳಿತುಕೊಳ್ಳುತ್ತಿದ್ದುದನ್ನು ಕಂಡಿದ್ದೇವೆ.

ಇದಕ್ಕಿಂತಲೂ ಕಠಿಣವಾದ ಇನ್ನೊಂದು ವಿಷಯವುಂಟು. ಗೋಡೆಯ ಮೇಲಿನ ದೊಡ್ಡ ತೆರೆಯಲ್ಲಿ ಬಂದುದೆಲ್ಲವೂ ಮನೆಯವರಿಗೆಲ್ಲ ಕಾಣುವುದು; ಬಾಗಿಲು ತೆರೆದಿದ್ದರೆ ವಠಾರಕ್ಕೂ ಕಾಣುವುದು. ಆ ಹುಡುಗಿ ಒಂದು ಆಡಿಟರ ಕಚೇರಿಗೆ ಕೆಲಸಕ್ಕಾಗಿ ಅರ್ಜಿ ಕಳುಹಿಸಿದ್ದಳು. ಮನೆಗೆ ನಾಲ್ಕು ಜನ ಬಂಧುಗಳು ಬಂದಿದ್ದ ಒಂದು ಭಾನುವಾರ, ಯಾರದೋ ಮದುವೆಯ ಚಿತ್ರಗಳನ್ನು ತೋರಿಸುತ್ತಿದ್ದಾಗ, ತೆರೆಯ ಮೂಲೆಯಲ್ಲಿ ಅರ್ಜಿಯನ್ನು ಅಂಗೀಕರಿಸಲಿಲ್ಲವೆಂಬ ಪತ್ರದ ಮೊದಲ ಸಾಲು ಹಣಿಕಿಹಾಕಿತು. ಬಂದವರಲ್ಲಿ ಒಬ್ಬರು ಅದನ್ನು ಗಟ್ಟಿಯಾಗಿ ಓದಿ, “ಅಯ್ಯೋ ಪಾಪ” ಎಂದರು. ಆ ರಾತ್ರಿ ಹುಡುಗಿ ಊಟಕ್ಕೆ ಕೂರಲಿಲ್ಲವೆಂದು ಆಕೆಯ ತಾಯಿ ಹೇಳಿದರು. ತನ್ನ ಹೆಸರಿಗೆ ಬಂದ ಕಾಗದವನ್ನು ತಾನು ಮೊದಲು ಓದುವ ಹಕ್ಕು ಹದಿನೆಂಟು ತುಂಬಿದ ಮಗಳಿಗೂ ಉಂಟೆಂಬುದು ನಮ್ಮ ದೃಢವಾದ ಅಭಿಪ್ರಾಯ. ಹೀಗೆ ಹಣಿಕಿಹಾಕುವ ಸೂಚನೆಗಳನ್ನು ಸೆಟ್ಟಿಂಗ್ಸ್‌ನಲ್ಲಿ ನೋಟಿಫಿಕೇಷನ್ಸ್ ಎಂಬಲ್ಲಿ ನಿಲ್ಲಿಸಬಹುದು. ಈ ಕೆಲಸವನ್ನು ತಂತಿ ಸಿಕ್ಕಿಸಿದ ದಿನವೇ ಮಾಡತಕ್ಕದ್ದು. ಬ್ಯಾಂಕಿನ ವ್ಯವಹಾರಗಳನ್ನೂ ಸ್ವಂತ ಪತ್ರಗಳನ್ನೂ ಫೋನಿನ ಚಿಕ್ಕ ತೆರೆಯಲ್ಲಿಯೇ ಇಟ್ಟುಕೊಳ್ಳುವುದು ಒಳ್ಳೆಯದು. ಚಿಕ್ಕದಕ್ಕೂ ಒಂದು ಗುಣವಿದೆ.

ಮುಂದೆ ಬೇರೊಂದು ಕಡೆಯಿಂದ ಕಂಪ್ಯೂಟರಿನ ಮೂಲಕವೇ ಸಂದರ್ಶನಕ್ಕೆ ಕರೆ ಬಂದಿತು. ಆಗ ಇನ್ನೊಂದು ಸಂಗತಿ ಗೊತ್ತಾಯಿತು. ಕ್ಯಾಮೆರಾ ಇರುವುದು ಲ್ಯಾಪ್‌ಟಾಪಿನ ನೆತ್ತಿಯಲ್ಲಿ, ಮಾತಾಡುವವರ ಮುಖವಿರುವುದು ಎದುರುಗೋಡೆಯಲ್ಲಿ. ಈಕೆ ಗೋಡೆಯನ್ನು ನೋಡಿ ಮಾತಾಡಿದರೆ ಅವರಿಗೆ ಈಕೆ ಎಲ್ಲೋ ನೋಡುತ್ತಿರುವಂತೆ ತೋರುವುದು. ಲ್ಯಾಪ್‌ಟಾಪನ್ನು ಟೆಲಿವಿಷನ್ನಿನ ಕೆಳಗೆ ಒಂದು ಸ್ಟೂಲಿನ ಮೇಲೆ ಎತ್ತರಕ್ಕಿರಿಸಿ, ಈಕೆ ಮೂರಡಿ ದೂರದಲ್ಲಿ ಕುಳಿತು ಎರಡೂ ಒಂದೇ ನೇರಕ್ಕೆ ಬರುವಂತೆ ಮಾಡಿಕೊಂಡಳು. ಅಡಿಗೆಮನೆಯ ಕುಕ್ಕರು ಆ ಅರ್ಧಗಂಟೆ ಮೌನವಾಗಿತ್ತು. ಕೆಲಸ ದೊರೆಯಿತು. ಮೊದಲ ತಿಂಗಳ ಸಂಬಳದಲ್ಲಿ ಲ್ಯಾಪ್‌ಟಾಪಿಗೆ ಹೊಸ ತೆರೆ ಹಾಕಿಸಲೆಂದು ತಂದೆ ಹೇಳಿದರೆ, ಆಕೆ ಅಜ್ಜಿಯ ಕಣ್ಣಿನ ಪೊರೆಯ ಶಸ್ತ್ರಚಿಕಿತ್ಸೆ ಮೊದಲಾಗಲೆಂದಳು.

ಅದಾದ ಮೇಲೆ ಅಜ್ಜಿಗೂ ಕಂಪ್ಯೂಟರಿನ ಹೊತ್ತು ಒಂದು ಗೊತ್ತಾಗಿದೆ. ಭಾನುವಾರ ಬೆಳಗ್ಗೆ ಮೊಮ್ಮಗಳು ಕನ್ನಡ ದಿನಪತ್ರಿಕೆಯ ಪುರವಣಿಯನ್ನು ತೆರೆಯ ಮೇಲೆ ತೆರೆದು, ಕಂಟ್ರೋಲ್ ಕೀಲಿಯ ಜೊತೆಗೆ ಕೂಡುವ ಚಿಹ್ನೆಯನ್ನು ನಾಲ್ಕಾರು ಸಲ ಒತ್ತಿ ಅಕ್ಷರಗಳನ್ನು ಬೆರಳುದ್ದ ಮಾಡಿ ಕೊಡುವಳು. ಅವರು ಗೋಡೆಗೊರಗಿ ಕನ್ನಡಕವಿಲ್ಲದೆ ಗಟ್ಟಿಯಾಗಿ ಓದುವರು. ಒಂದು ಪುಟವಾದ ಕೂಡಲೆ, “ಮುಂದಕ್ಕೆ ತಳ್ಳೇ” ಎನ್ನುವರು.